ಹಳೆಯ ಸಣ್ಣ ಟ್ರ್ಯಾಕ್ಟರಿಗೆ ಫಿನಿಶ್ ಮೋವರ್ ಆರಿಸುವುದು ಹೇಗೆ: ಮೊದಲು ಟ್ರ್ಯಾಕ್ಟರಿನ ಬೆನ್ನು ನೋಡಿ

ಮೊದಲ ದಿನ ನಾನು ಕ್ಲಚ್ ಪೂರ್ತಿ ಒತ್ತಿದರೂ ಟ್ರ್ಯಾಕ್ಟರ್ ನಿಲ್ಲಲಿಲ್ಲ. ಹತ್ತು ಅಡಿ ಮುಂದೆ ಬೇಲಿ. ಹಿಂದೆ ಮೂರು ಬ್ಲೇಡುಗಳು ತಮ್ಮ ವೇಗದಲ್ಲೇ ತಿರುಗುತ್ತ ಟ್ರ್ಯಾಕ್ಟರನ್ನು ಮುಂದಕ್ಕೆ ದಬ್ಬುತ್ತಿದ್ದವು. ಬ್ರೇಕ್ ಮೇಲೆ ಎರಡೂ ಕಾಲಿಟ್ಟು ನಿಲ್ಲಿಸಿದಾಗ ಬೇಲಿಗೂ ಬಾನೆಟ್ಟಿಗೂ ಒಂದು ಗೇಣು ಅಂತರ ಉಳಿದಿತ್ತು. ಮೋವರಿನಲ್ಲಿ ಯಾವ ದೋಷವೂ ಇರಲಿಲ್ಲ, ಟ್ರ್ಯಾಕ್ಟರಿನಲ್ಲೂ ಇರಲಿಲ್ಲ. ಅವೆರಡರ ನಡುವೆ ಇರಬೇಕಾಗಿದ್ದ ಒಂದು ಸಣ್ಣ ಭಾಗ ಇರಲಿಲ್ಲ, ಅಷ್ಟೇ. ಅಂದಿನಿಂದ ಯಾರಾದರೂ "ಹಳೆಯ ಟ್ರ್ಯಾಕ್ಟರಿಗೆ ಯಾವ ಮೋವರ್ ಒಳ್ಳೆಯದು?" ಎಂದು ಕೇಳಿದರೆ, ಮೋವರಿನ ಮಾತನ್ನು ಬದಿಗಿಟ್ಟು ಟ್ರ್ಯಾಕ್ಟರಿನ ಹಿಂದೆ ಕುಳಿತು ನೋಡಿ ಬರುವಂತೆ ಹೇಳುತ್ತೇನೆ. ಈ ಬರಹವೂ ಅದೇ ಕ್ರಮದಲ್ಲಿ ಸಾಗುತ್ತದೆ.

ನಿಮಗೆ ಬೇಕಿರುವುದು ಫಿನಿಶ್ ಮೋವರೇ?

ಫಿನಿಶ್ ಮೋವರ್ ಎಂದರೆ ಹುಲ್ಲುಹಾಸನ್ನು ಒಂದೇ ಎತ್ತರಕ್ಕೆ, ನುಣುಪಾಗಿ ಕತ್ತರಿಸುವ ಉಪಕರಣ. ಟ್ರ್ಯಾಕ್ಟರಿನ ಹಿಂದಿನ ಮೂರು ತೋಳುಗಳಿಗೆ ಅದನ್ನು ಜೋಡಿಸುತ್ತಾರೆ. ನಡುವೆ ಗೇರ್‌ಬಾಕ್ಸ್, ಅದರಿಂದ ಹೊರಟ ಬೆಲ್ಟು ಸಾಮಾನ್ಯವಾಗಿ ಬ್ಲೇಡು ಹೊತ್ತ ಮೂರು ಸ್ಪಿಂಡಲ್‌ಗಳನ್ನು ತಿರುಗಿಸುತ್ತದೆ. ಬ್ಲೇಡುಗಳು ತೆಳು, ಹರಿತ, ವೇಗದವು. ಪೊದೆ ಕಡಿಯುವ ರೋಟರಿ ಕಟರಿನ ಜಾತಿಯೇ ಬೇರೆ. ಅದರ ಬ್ಲೇಡು ದಪ್ಪ ಮತ್ತು ಮೊಂಡು, ಕಲ್ಲಿಗೆ ತಗುಲಿದರೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಫಿನಿಶ್ ಮೋವರಿನ ಬ್ಲೇಡಿಗೆ ಮಡಚಿಕೊಳ್ಳುವ ದಾರಿಯಿಲ್ಲ. ಪೆಟ್ಟು ನೇರವಾಗಿ ಸ್ಪಿಂಡಲ್‌ಗೆ ಹೋಗುತ್ತದೆ.

ಆದ್ದರಿಂದ ನಿಮ್ಮ ನೆಲದಲ್ಲಿ ಕಲ್ಲು, ಮರದ ಬುಡ, ಮೊಣಕಾಲೆತ್ತರದ ಕಳೆ ಇದ್ದರೆ ಈಗಲೇ ನಿಲ್ಲಿ. ಅಲ್ಲಿಗೆ ರೋಟರಿ ಕಟರ್ ಅಥವಾ ಫ್ಲೇಲ್ ಮೋವರ್ (ಸಣ್ಣ ಸಣ್ಣ ಅಲಗುಗಳು ನೇತಾಡುವ ಮೋವರ್) ಸರಿ. ಒಂದು ವರ್ಷ ಅವುಗಳಿಂದ ನೆಲವನ್ನು ಹದಕ್ಕೆ ತಂದು ಆಮೇಲೆ ಫಿನಿಶ್ ಮೋವರಿಗೆ ಬನ್ನಿ.

ಹೆಜ್ಜೆ 1: ಪಿಟಿಒ ಶಾಫ್ಟನ್ನು ಅಳೆಯಿರಿ

ಪಿಟಿಒ ಎಂದರೆ ಟ್ರ್ಯಾಕ್ಟರಿನ ಹಿಂದೆ ಹೊರಚಾಚಿರುವ, ಮೈತುಂಬ ಉದ್ದುದ್ದ ಹಲ್ಲುಗಳಿರುವ ಮೊಂಡು ಶಾಫ್ಟ್. ಮೋವರಿಗೆ ಶಕ್ತಿ ಸಿಗುವುದು ಅದರಿಂದಲೇ. ಇಂದಿನ ಸಣ್ಣ ಉಪಕರಣಗಳು ಸಾಮಾನ್ಯವಾಗಿ 1-3/8 ಇಂಚು ವ್ಯಾಸದ, ಆರು ಹಲ್ಲಿನ, ನಿಮಿಷಕ್ಕೆ 540 ಸುತ್ತಿನ ಶಾಫ್ಟಿಗೆ ಹೊಂದುವಂತೆ ತಯಾರಾಗುತ್ತವೆ. ಹಳೆಯ ಟ್ರ್ಯಾಕ್ಟರುಗಳು ಈ ಅಳತೆಗೆ ಬದ್ಧವಾಗಿರಲಿಲ್ಲ. 1939ರ ಫೋರ್ಡ್ 9ಎನ್, ಅದರ ನಂತರದ 2ಎನ್, 1947ರಿಂದ 1952ರವರೆಗೆ ತಯಾರಾದ 8ಎನ್ ಇವುಗಳ ಮೂಲ ಶಾಫ್ಟ್ 1-1/8 ಇಂಚು. ಹಲ್ಲು ಆರೇ ಇದ್ದರೂ ವ್ಯಾಸ ಕಡಿಮೆ. ಹಿಂದಿನ ಮಾಲೀಕರು ಬದಲಾಯಿಸಿರಲೂಬಹುದು, ಆದ್ದರಿಂದ ಪುಸ್ತಕ ನಂಬಬೇಡಿ. ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ.

ಆಮೇಲೆ ತಿರುಗುವ ದಿಕ್ಕು. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದರೆ ಶಾಫ್ಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಬೇಕು. ಫಾರ್ಮಾಲ್ ಕಬ್ ಎಂಬ ಪುಟ್ಟ ಟ್ರ್ಯಾಕ್ಟರಿನಲ್ಲಿ ಅದು ಉಲ್ಟಾ ತಿರುಗುತ್ತದೆ, ವೇಗವೂ 540 ಅಲ್ಲ. ಅಂಥದ್ದಕ್ಕೆ ಹಿಂದಿನ ಫಿನಿಶ್ ಮೋವರ್ ಹಾಕುವ ಯೋಚನೆಯನ್ನೇ ಬಿಟ್ಟು, ಅದಕ್ಕೆಂದೇ ತಯಾರಾದ, ಹೊಟ್ಟೆಯ ಕೆಳಗೆ ಕೂರುವ ಮೋವರನ್ನು ಹುಡುಕುವುದು ಜಾಣತನ.

ವೇಗದ ವಿಷಯವನ್ನು ಹೆಚ್ಚಿನವರು ಲಘುವಾಗಿ ತೆಗೆದುಕೊಳ್ಳುತ್ತಾರೆ. ಒಂದು ಲೆಕ್ಕ ಮಾಡೋಣ. ಐದು ಅಡಿ ಮೋವರಿನಲ್ಲಿ ಸುಮಾರು 21 ಇಂಚಿನ ಮೂರು ಬ್ಲೇಡುಗಳಿರುತ್ತವೆ. ಒಂದು ಬ್ಲೇಡಿನ ತುದಿ ಒಂದು ಸುತ್ತಿಗೆ ಐದೂವರೆ ಅಡಿ ಸಾಗುತ್ತದೆ. ಹುಲ್ಲು ಹರಿಯದೆ ಕತ್ತರಿಸಿಹೋಗಬೇಕಾದರೆ ಆ ತುದಿ ನಿಮಿಷಕ್ಕೆ ಸುಮಾರು 17,000 ಅಡಿ ಓಡಬೇಕು, ಅಂದರೆ ಬ್ಲೇಡು 3,090 ಸುತ್ತು ತಿರುಗಬೇಕು. ಗೇರು ಮತ್ತು ಪುಲ್ಲಿಗಳನ್ನು ಕೂಡಿಸಿ ಪಿಟಿಒ ವೇಗವನ್ನು ಐದಾರು ಪಟ್ಟು ಹೆಚ್ಚಿಸುವುದು ಇದಕ್ಕಾಗಿಯೇ. ಈಗ ನಿಮ್ಮ ಪಿಟಿಒ 540ರ ಬದಲು 450ರಲ್ಲಿ ತಿರುಗಿದರೆ ತುದಿಯ ವೇಗ 14,200ಕ್ಕೆ ಇಳಿಯುತ್ತದೆ. ಹುಲ್ಲಿನ ತುದಿ ನಾರುನಾರಾಗಿ ಹರಿದು, ಎರಡು ದಿನದಲ್ಲಿ ಇಡೀ ಹಾಸು ಕಂದುಬಣ್ಣಕ್ಕೆ ತಿರುಗುತ್ತದೆ. ಜನ ಬ್ಲೇಡನ್ನು ಬೈಯುತ್ತಾರೆ. ತಪ್ಪು ಎಂಜಿನ್ ವೇಗದ್ದು.

8ಎನ್ ಟ್ರ್ಯಾಕ್ಟರಿನಲ್ಲಿ ಎಂಜಿನ್ ಸುಮಾರು 1,500 ಸುತ್ತು ತಿರುಗುವಾಗ ಪಿಟಿಒ 540ರ ಆಸುಪಾಸಿಗೆ ಬರುತ್ತದೆ. ನಿಮ್ಮದು ಬೇರೆ ಮಾಡೆಲ್ ಆಗಿದ್ದರೆ, ಬೆಳಕು ಬೀರಿ ಸುತ್ತು ಎಣಿಸುವ ಸಣ್ಣ ಟ್ಯಾಕೋಮೀಟರ್ ತನ್ನಿ. ಎಂಜಿನ್ ನಿಂತಿರುವಾಗ ಶಾಫ್ಟಿಗೆ ಹೊಳೆಯುವ ಟೇಪಿನ ತುಂಡು ಅಂಟಿಸಿ, ಆಮೇಲೆ ದೂರದಿಂದಲೇ ಅಳೆಯಿರಿ. 540 ಸಿಕ್ಕ ಜಾಗದಲ್ಲಿ ಥ್ರಾಟಲ್ ಪಕ್ಕ ಬಣ್ಣದ ಗುರುತು ಹಾಕಿ. ಜಪಾನಿನ ಹಳೆಯ ಸಣ್ಣ ಟ್ರ್ಯಾಕ್ಟರುಗಳಲ್ಲಿ ಪಿಟಿಒಗೆ ಮೂರು ನಾಲ್ಕು ಗೇರುಗಳಿರುತ್ತವೆ. ಇವುಗಳಲ್ಲಿ 540ಕ್ಕೆ ಹೊಂದುವುದು ಅತಿ ಕೆಳಗಿನದು ಮಾತ್ರ. ಮೇಲಿನ ಗೇರಿಗೆ ಹಾಕಿದರೆ ಬ್ಲೇಡುಗಳು ತಾಳಿಕೊಳ್ಳುವ ವೇಗವನ್ನು ಮೀರುತ್ತವೆ, ಮುರಿದ ತುಂಡು ಎಲ್ಲಿಗೆ ಹಾರುತ್ತದೆಂದು ಯಾರೂ ಹೇಳಲಾರರು. ಫೋರ್ಡ್ ಎನ್ ಸರಣಿಗೆ ಶರ್ಮನ್ ಹೆಸರಿನ ಹೆಚ್ಚುವರಿ ಗೇರ್‌ಬಾಕ್ಸ್ ಕೂಡಿಸಿದವರೂ ಗಮನಿಸಬೇಕು: ಅದು ಮುಖ್ಯ ಗೇರ್‌ಬಾಕ್ಸಿನ ಮುಂದೆ ಕೂರುವುದರಿಂದ ಚಕ್ರದ ವೇಗದ ಜೊತೆಗೆ ಪಿಟಿಒ ವೇಗವನ್ನೂ ಬದಲಿಸುತ್ತದೆ.

ಹೆಜ್ಜೆ 2: ಕ್ಲಚ್ ಒತ್ತಿದಾಗ ಪಿಟಿಒ ಏನು ಮಾಡುತ್ತದೆ?

ಈ ಒಂದು ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಮೋವರ್ ಕೊಳ್ಳಬೇಡಿ.

ಉಪಕರಣ ಏನನ್ನೂ ಜೋಡಿಸದೆ, ಪಿಟಿಒ ಚಾಲೂ ಮಾಡಿ, ಬಯಲಲ್ಲಿ ಮೊದಲ ಗೇರಿನಲ್ಲಿ ನಿಧಾನವಾಗಿ ಹೊರಡಿ. ಇನ್ನೊಬ್ಬರು ದೂರದಿಂದ ಶಾಫ್ಟನ್ನು ನೋಡುತ್ತಿರಲಿ. ಕ್ಲಚ್ಚನ್ನು ಅರ್ಧ ಒತ್ತಿದಾಗ ಟ್ರ್ಯಾಕ್ಟರ್ ನಿಂತು ಶಾಫ್ಟ್ ತಿರುಗುತ್ತಲೇ ಇದ್ದರೆ ನಿಮ್ಮದು ಎರಡು ಹಂತದ ಕ್ಲಚ್. ಮ್ಯಾಸಿ ಫರ್ಗ್ಯೂಸನ್ 35ರಲ್ಲಿ ಒಂಟಿ ಕ್ಲಚ್ಚಿನದೂ ಇದೆ, ಎರಡು ಹಂತದ್ದೂ ಇದೆ. ಬಾನೆಟ್ ನೋಡಿ ಹೇಳಲು ಆಗುವುದಿಲ್ಲ. ಟ್ರ್ಯಾಕ್ಟರ್ ನಿಂತಾಗಲೇ ಶಾಫ್ಟೂ ನಿಂತರೆ ಪಿಟಿಒ ಗೇರ್‌ಬಾಕ್ಸಿನ ಮೂಲಕವೇ ನಡೆಯುತ್ತಿದೆ ಎಂದರ್ಥ.

ಈ ಎರಡನೆಯ ಬಗೆಯಲ್ಲಿ ಅಪಾಯ ಹೀಗೆ ಹುಟ್ಟುತ್ತದೆ. ಕ್ಲಚ್ ಒತ್ತಿದಾಗ ಎಂಜಿನ್ ಬೇರ್ಪಡುತ್ತದೆ, ಆದರೆ ಪಿಟಿಒ ಮತ್ತು ಚಕ್ರಗಳ ನಡುವಿನ ಸಂಬಂಧ ಹಾಗೇ ಉಳಿಯುತ್ತದೆ. ಬ್ಲೇಡುಗಳಲ್ಲಿ ತುಂಬಿಕೊಂಡ ವೇಗ ಶಾಫ್ಟಿನ ಮೂಲಕ ಹಿಂದುಮುಂದಾಗಿ ಹರಿದು ಗೇರ್‌ಬಾಕ್ಸಿಗೆ, ಅಲ್ಲಿಂದ ಚಕ್ರಗಳಿಗೆ ಹೋಗುತ್ತದೆ. ನನ್ನನ್ನು ಬೇಲಿಯ ಕಡೆಗೆ ದಬ್ಬಿದ್ದು ಇದೇ.

ಪರಿಹಾರ ಓವರ್‌ರನ್ ಕಪ್ಲಿಂಗ್. ಸೈಕಲ್ಲಿನ ಫ್ರೀವೀಲ್ ಹೇಗೋ ಹಾಗೆ: ಟ್ರ್ಯಾಕ್ಟರ್ ಮೋವರನ್ನು ತಿರುಗಿಸಬಹುದು, ಮೋವರ್ ಟ್ರ್ಯಾಕ್ಟರನ್ನು ತಿರುಗಿಸಲಾರದು. ಪಿಟಿಒ ಮೊಂಡಿಗೂ ಮೋವರಿನ ಶಾಫ್ಟಿಗೂ ನಡುವೆ ಇದನ್ನು ಕೂರಿಸುತ್ತಾರೆ. ಒಂದು ಬದಿ 1-1/8, ಇನ್ನೊಂದು ಬದಿ 1-3/8 ಇಂಚು ಇರುವ ಕಪ್ಲಿಂಗ್ ಸಿಗುತ್ತದೆ; ಎನ್ ಸರಣಿಯವರಿಗೆ ಅದು ಅಳತೆಯ ತೊಡಕನ್ನೂ ಒಟ್ಟಿಗೇ ಬಿಡಿಸುತ್ತದೆ. ಕೆಲವು ಫಿನಿಶ್ ಮೋವರುಗಳ ಒಳಗೇ ಇಂಥ ವ್ಯವಸ್ಥೆ ಇರುತ್ತದೆ. ಮಾರುವವರ ಬಾಯಿಮಾತು ಸಾಲದು, ಎಂಜಿನ್ ನಿಲ್ಲಿಸಿದ ಮೇಲೆ ಕೈಯಿಂದ ತಿರುಗಿಸಿ ನೋಡಿ: ಒಂದು ಕಡೆ ಹಿಡಿದು ಇನ್ನೊಂದು ಕಡೆ ಸಲೀಸಾಗಿ ಬಿಡಬೇಕು. ಕಪ್ಲಿಂಗಿಗೆ ಗ್ರೀಸ್ ನಿಪ್ಪಲ್ ಇದ್ದರೆ ಮರೆಯಬೇಡಿ. ಒಣಗಿ ಹಿಡಿದುಕೊಂಡ ಕಪ್ಲಿಂಗ್ ಇದ್ದೂ ಇಲ್ಲದಂತೆ.

ಹೆಜ್ಜೆ 3: ಹೈಡ್ರಾಲಿಕ್ಸ್ ನಿಮ್ಮ ಮೋವರಿಗೆ ಎಷ್ಟು ಚಕ್ರ ಬೇಕೆಂದು ಹೇಳುತ್ತದೆ

ವಿಚಿತ್ರ ಅನ್ನಿಸಬಹುದು, ಆದರೆ ನಿಜ. 9ಎನ್, 2ಎನ್ ಟ್ರ್ಯಾಕ್ಟರುಗಳ ಎತ್ತುವ ತೋಳುಗಳು ನೇಗಿಲಿನ ಎಳೆತಕ್ಕೆ ತಕ್ಕಂತೆ ಮೇಲೆ ಕೆಳಗೆ ಆಡುವಂತೆ ರಚನೆಯಾದವು. ಇಟ್ಟ ಎತ್ತರದಲ್ಲಿ ನಿಲ್ಲುವ ವ್ಯವಸ್ಥೆ ಅವಕ್ಕಿಲ್ಲ. ಅದು 8ಎನ್‌ನಲ್ಲಿ ಬಂತು. ಹೀಗಾಗಿ ತೋಳುಗಳೇ ಮೋವರನ್ನು ಹಿಡಿದು ನಿಲ್ಲಿಸುತ್ತವೆ ಎಂದು ಭರವಸೆ ಇಟ್ಟರೆ ಹುಲ್ಲು ಅಲೆಅಲೆಯಾಗಿ ಉಳಿಯುತ್ತದೆ. ನಾಲ್ಕು ಮೂಲೆಗಳಲ್ಲೂ ಚಕ್ರವಿರುವ ಮೋವರನ್ನೇ ತೆಗೆದುಕೊಳ್ಳಿ. ಕತ್ತರಿಸುವಾಗ ತೋಳನ್ನು ಪೂರ್ತಿ ಇಳಿಸಿಬಿಡಿ. ಭಾರ ಚಕ್ರಗಳ ಮೇಲಿರಲಿ, ಟ್ರ್ಯಾಕ್ಟರ್ ಎಳೆಯುವ ಕೆಲಸವನ್ನಷ್ಟೇ ಮಾಡಲಿ. ಹಿಂದೆ ಎರಡೇ ಚಕ್ರವಿರುವ ಮೋವರಿನ ಬೆಲೆ ಕಡಿಮೆ ಎಂದು ಮರುಳಾಗಬೇಡಿ.

ಇನ್ನೊಂದು ಸಂಗತಿ ಸುರಕ್ಷತೆಗೆ ಸಂಬಂಧಿಸಿದ್ದು. ಈ ಮೂರೂ ಫೋರ್ಡ್‌ಗಳಲ್ಲಿ ಹೈಡ್ರಾಲಿಕ್ ಪಂಪು ನಡೆಯುವುದು ಪಿಟಿಒ ಜೊತೆಯಲ್ಲಿ. ಪಿಟಿಒ ಲಿವರ್ ಹಾಕದೆ ತೋಳು ಏಳುವುದಿಲ್ಲ, ಅಂದರೆ ಬ್ಲೇಡು ತಿರುಗದೆ ಮೋವರ್ ಮೇಲೇಳುವುದಿಲ್ಲ. ಎತ್ತಬೇಕಾದಾಗ ಸುತ್ತಮುತ್ತ ಯಾರೂ ಇಲ್ಲದಿರಲಿ, ಎಂಜಿನ್ ನಿಧಾನ ವೇಗದಲ್ಲಿರಲಿ, ಬೇಕಾದಷ್ಟೇ ಎತ್ತಿ ತಕ್ಷಣ ಪಿಟಿಒ ಬಿಡಿಸಿ. ಬೇರೆ ಜಾಗಕ್ಕೆ ಸಾಗಿಸುವಾಗ ಮೋವರನ್ನು ಸರಪಳಿಯಿಂದ ಬಿಗಿದುಬಿಟ್ಟರೆ ಹಳೆಯ ಸೀಲುಗಳು ಸೋರಿ ದಾರಿಯಲ್ಲಿ ಅದು ಕುಸಿಯುವ ಭಯವಿರುವುದಿಲ್ಲ.

ಹೆಜ್ಜೆ 4: ಅಗಲ

ಆಸೆ ಯಾವಾಗಲೂ ಆರು ಅಡಿಯ ಕಡೆಗೇ ಎಳೆಯುತ್ತದೆ. ರೂಢಿಯ ಲೆಕ್ಕ ಇದು: ಒಂದು ಅಡಿ ಅಗಲಕ್ಕೆ ಸುಮಾರು 5 ಅಶ್ವಶಕ್ತಿ, ಅದೂ ಪಿಟಿಒದಲ್ಲಿ ಸಿಗುವ ಶಕ್ತಿ. ಬಾನೆಟ್ ಮೇಲೆ ಬರೆದಿರುವ ಎಂಜಿನ್ ಶಕ್ತಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. 8ಎನ್‌ನಂಥ ಟ್ರ್ಯಾಕ್ಟರ್ ಹೊಸತಿದ್ದಾಗಲೇ ಪಿಟಿಒದಲ್ಲಿ ಇಪ್ಪತ್ತು ಚಿಲ್ಲರೆ ಅಶ್ವಶಕ್ತಿ ಕೊಡುತ್ತಿತ್ತು. ಎಪ್ಪತ್ತು ವರ್ಷ ದುಡಿದ ರಿಂಗುಗಳು, ವಾಲ್ವುಗಳು ಅಷ್ಟನ್ನೇ ಈಗಲೂ ಕೊಡುತ್ತವೆ ಎಂದುಕೊಳ್ಳಬೇಡಿ. ನಾಲ್ಕು ಅಡಿಗೆ ಶಕ್ತಿ ಧಾರಾಳ. ಐದು ಅಡಿಯನ್ನು ಒಣ ಹುಲ್ಲಿನಲ್ಲಿ ನಿಭಾಯಿಸುತ್ತದೆ. ಆರು ಅಡಿ ಹಾಕಿದರೆ ಸೊಂಪಾದ ಹುಲ್ಲಿನಲ್ಲಿ ಎಂಜಿನ್ ಏದುಸಿರು ಬಿಡುತ್ತದೆ. ಎಂಜಿನ್ ಕುಗ್ಗಿದರೆ ಬ್ಲೇಡೂ ಕುಗ್ಗುತ್ತದೆ, ಹೆಜ್ಜೆ 1ರ ಹರಿದ ಹುಲ್ಲೇ ಮತ್ತೆ ಎದುರಾಗುತ್ತದೆ.

ಇತ್ತ ಟೈರುಗಳ ಅಗಲವೂ ನಿಮ್ಮನ್ನು ಹಿಡಿಯುತ್ತದೆ. ಮೋವರ್ ಹಿಂದಿನ ಎರಡೂ ಟೈರುಗಳ ಹೊರ ಅಂಚನ್ನು ಮುಚ್ಚಬೇಕು. ಇಲ್ಲದಿದ್ದರೆ ಟೈರು ತುಳಿದು ಮಲಗಿಸಿದ ಹುಲ್ಲು ಕತ್ತರಿಸದೆ ಪಟ್ಟೆಯಾಗಿ ಉಳಿಯುತ್ತದೆ. ಮರದ ಪಕ್ಕ, ಗೋಡೆಯ ಪಕ್ಕ ಕತ್ತರಿಸಲೂ ಆಗುವುದಿಲ್ಲ. 8ಎನ್‌ನ ಹಿಂದಿನ ಚಕ್ರಗಳನ್ನು ಅತಿ ಒಳಕ್ಕೆ, ಅಂದರೆ ನಡುವಿನಿಂದ ನಡುವಿಗೆ 48 ಇಂಚಿಗೆ ತಂದರೂ ಟೈರುಗಳ ಹೊರ ಅಳತೆ ಹತ್ತಿರ ಹತ್ತಿರ 60 ಇಂಚು. ಐದು ಅಡಿ ಮೋವರ್ ಅಲ್ಲಿಗೆ ಸರಿಯಾಗಿ ಮುಟ್ಟುತ್ತದೆ, ಒಂದಿಂಚೂ ಮಿಗುವುದಿಲ್ಲ.

ಈ ಜಗ್ಗಾಟದಲ್ಲಿ ನನ್ನ ತೀರ್ಪು ಐದು ಅಡಿಯ ಪರ. ಚಕ್ರಗಳನ್ನು ಅತಿ ಒಳಕ್ಕೆ ತಂದು ಐದು ಅಡಿ ಹಾಕಿಕೊಳ್ಳಿ. ಆದರೆ ಇಳಿಜಾರು ನೆಲವಿದ್ದರೆ ಚಕ್ರ ಒಳಕ್ಕೆ ತರುವುದು ಟ್ರ್ಯಾಕ್ಟರ್ ಮಗುಚುವ ಅಪಾಯವನ್ನು ಹೆಚ್ಚಿಸುತ್ತದೆ. ಆಗ ಅಂಚಿನ ಪಟ್ಟೆ ಉಳಿದರೂ ಪರವಾಗಿಲ್ಲ, ಚಕ್ರ ಅಗಲವಾಗಿಯೇ ಇರಲಿ. ಈ ಕಾಲದ ಟ್ರ್ಯಾಕ್ಟರುಗಳಿಗೆ ಮಗುಚಿದಾಗ ಚಾಲಕನನ್ನು ಉಳಿಸುವ ಕಮಾನು ಇರುವುದಿಲ್ಲ. ಕೆಲವು ಮಾಡೆಲ್‌ಗಳಿಗೆ ಆಮೇಲೆ ಕೂಡಿಸುವ ಕಮಾನು ಮತ್ತು ಸೀಟ್ ಬೆಲ್ಟ್ ಸಿಗುತ್ತವೆ. ಸಿಕ್ಕರೆ ಮೋವರಿಗಿಂತ ಮೊದಲು ಅದನ್ನು ಕೊಳ್ಳಿ.

ಹೆಜ್ಜೆ 5: ಜೋಡಣೆ ಮತ್ತು ತೂಕ

ಸಣ್ಣ ಟ್ರ್ಯಾಕ್ಟರುಗಳ ಜೋಡಣೆ ಸಾಮಾನ್ಯವಾಗಿ ಕೆಟಗರಿ 1: ಕೆಳಗಿನ ಪಿನ್ನು 7/8 ಇಂಚು, ಮೇಲಿನದು 3/4 ಇಂಚು. ಬಹಳ ಪುಟ್ಟ ಟ್ರ್ಯಾಕ್ಟರುಗಳಲ್ಲಿ ಕೆಳಗಿನ ಪಿನ್ನು 5/8 ಇಂಚಿನ ಕೆಟಗರಿ 0 ಇರಬಹುದು, ಅಳೆದು ನೋಡಿ.

ಇದಕ್ಕಿಂತ ಮುಖ್ಯ, ಮೋವರಿನ ಮೇಲಿನ ಕೊಂಡಿ ಆಡುವಂಥದ್ದೇ ಎಂಬುದು. ಟ್ರ್ಯಾಕ್ಟರಿನ ಮುಂಚಕ್ರ ದಿಣ್ಣೆ ಹತ್ತಿದಾಗ ಬಿಗಿಯಾದ ಟಾಪ್ ಲಿಂಕ್ (ಮೂರು ತೋಳುಗಳಲ್ಲಿ ಮೇಲಿನದು) ಮೋವರಿನ ಹಿಂಭಾಗವನ್ನು ಎತ್ತುತ್ತದೆ ಅಥವಾ ನೆಲಕ್ಕೆ ಒತ್ತುತ್ತದೆ. ಆಡುವ ಕೊಂಡಿ ಅಥವಾ ಉದ್ದನೆಯ ಸೀಳು ಇದ್ದರೆ ಮೋವರ್ ತನ್ನ ನೆಲವನ್ನು ತಾನೇ ಹಿಂಬಾಲಿಸುತ್ತದೆ.

ಐದು ಅಡಿ ಮೋವರು ಸಾಮಾನ್ಯವಾಗಿ 200ರಿಂದ 270 ಕಿಲೋ ತೂಗುತ್ತದೆ. ಎತ್ತಿದಾಗ ಮುಂಚಕ್ರ ಹಗುರವಾಗಿ ಸ್ಟೇರಿಂಗ್ ತಿರುಗಿಸಿದರೂ ಟ್ರ್ಯಾಕ್ಟರ್ ನೇರ ಹೋದರೆ ಮುಂದೆ ಭಾರ ಕಟ್ಟಬೇಕು.

ಹೆಜ್ಜೆ 6: ಹುಲ್ಲು ಎಲ್ಲಿಂದ ಹೊರಬೀಳಬೇಕು?

ಹಿಂದಿನಿಂದ ಹೊರಬೀಳುವ ಮೋವರ್ ಹುಲ್ಲನ್ನು ಇಡೀ ಅಗಲಕ್ಕೆ ಹರಡುತ್ತದೆ. ಎರಡೂ ಬದಿಗಳಿಂದ ಮರದ ಹತ್ತಿರ ಹೋಗಬಹುದು, ಪಕ್ಕಕ್ಕೆ ಕಲ್ಲು ಸಿಡಿಯುವುದೂ ಕಡಿಮೆ. ಪಕ್ಕದಿಂದ ಹೊರಬೀಳುವ ಮೋವರ್ ಎತ್ತರದ, ಒದ್ದೆಯ ಹುಲ್ಲಿನಲ್ಲಿ ಸಲೀಸಾಗಿ ನಡೆಯುತ್ತದೆ, ಆದರೆ ಸಾಲುಸಾಲಾಗಿ ಹುಲ್ಲು ಬಿಟ್ಟುಹೋಗುತ್ತದೆ. ವಾರಕ್ಕೊಮ್ಮೆ ತಪ್ಪದೆ ಕತ್ತರಿಸುವವರಿಗೆ ಹಿಂದಿನದೇ ಒಳ್ಳೆಯದು.

ಹೆಜ್ಜೆ 7: ಹಳೆಯ ಮೋವರ್ ಕೊಳ್ಳುವಾಗ

ಹಳೆಯ ಟ್ರ್ಯಾಕ್ಟರಿಗೆ ಹೆಚ್ಚಿನವರು ಹಳೆಯ ಮೋವರನ್ನೇ ಕೊಳ್ಳುತ್ತಾರೆ, ನಾನೂ ಹಾಗೇ ಮಾಡಿದೆ. ಹೊಸ ಬಣ್ಣಕ್ಕೆ ಮೋಸಹೋಗದೆ ಕೈಯಲ್ಲಿ ನೋಡಬೇಕಾದದ್ದು ಬಹಳ ಇದೆ.

ಮೊದಲು ಮೋವರನ್ನು ಟ್ರ್ಯಾಕ್ಟರಿನಿಂದ ಬಿಡಿಸಿ, ಭದ್ರವಾದ ದಿಮ್ಮಿಗಳ ಮೇಲೆ ಕೂರಿಸಿ. ಬರಿ ಹೈಡ್ರಾಲಿಕ್ ಎತ್ತಿ ಹಿಡಿದ ಮೋವರಿನ ಕೆಳಗೆ ಕೈ ತಲೆ ಹಾಕಲೇಬೇಡಿ. ಕೈಗವಸು ತೊಟ್ಟು ಪ್ರತಿ ಬ್ಲೇಡಿನ ಎರಡೂ ತುದಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಕಟಕಟ ಎಂದರೆ ಸ್ಪಿಂಡಲ್ ಬೇರಿಂಗ್ ಸವೆದಿದೆ. ತಿರುಗಿಸಿದಾಗ ಮರಳು ಅರೆದಂಥ ಸದ್ದು ಬಂದರೂ ಅದೇ ಮಾತು. ಒಂದು ಬೇರಿಂಗ್ ಹೋಗಿದ್ದರೆ ದುರಸ್ತಿ ಮಾಡಬಹುದು. ಸ್ಪಿಂಡಲ್ ಕೂರುವ ಸುತ್ತಲಿನ ತಗಡೇ ಸೀಳಿ, ಮತ್ತೆ ಮತ್ತೆ ವೆಲ್ಡಿಂಗ್ ಆಗಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ಅಂಥ ಡೆಕ್ಕಿನಲ್ಲಿ, ಅಂದರೆ ಮೋವರಿನ ತಗಡಿನ ಮೈಯಲ್ಲಿ, ಮೂರು ಬ್ಲೇಡುಗಳು ಒಂದೇ ಮಟ್ಟಕ್ಕೆ ಬರುವುದು ಕಷ್ಟ.

ಒಂದು ಬ್ಲೇಡಿನ ತುದಿಯನ್ನು ಪಕ್ಕದ ಬ್ಲೇಡಿನ ತುದಿಯ ಹತ್ತಿರ ತಂದು ಎರಡರ ಎತ್ತರ ಹೋಲಿಸಿ. ವ್ಯತ್ಯಾಸ ಕಣ್ಣಿಗೆ ಕಂಡರೆ ಬ್ಲೇಡ್ ಬಾಗಿದೆ ಅಥವಾ ಸ್ಪಿಂಡಲ್ ಬಾಗಿದೆ. ಬ್ಲೇಡ್ ಬದಲಿಸುವುದು ಅಗ್ಗ, ಸ್ಪಿಂಡಲ್ ಅಲ್ಲ.

ಗೇರ್‌ಬಾಕ್ಸಿನ ಎಣ್ಣೆ ನೋಡಿ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಎಣ್ಣೆಯೇ ಇಲ್ಲದಿದ್ದರೆ ಇನ್ನೂ ಕೆಟ್ಟದ್ದು. ಬೆಲ್ಟಿನ ಮೇಲಿನ ನಂಬರ್, ಮೋವರಿನ ತಗಡಿನ ಪಟ್ಟಿಯಲ್ಲಿರುವ ಮಾಡೆಲ್ ನಂಬರ್ ಎರಡನ್ನೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಮನೆಗೆ ಹೋಗಿ ಬೆಲ್ಟು, ಬೇರಿಂಗು, ಬ್ಲೇಡು ಈಗಲೂ ಸಿಗುತ್ತವೆಯೇ ಎಂದು ವಿಚಾರಿಸಿದ ಮೇಲೆ ಮಾತು ಮುಗಿಸಿ. ನಾನು ಕೊಂಡಿದ್ದ ಮೊದಲ ಮೋವರು ಗಟ್ಟಿಮುಟ್ಟಾಗಿತ್ತು, ಆದರೆ ಬೆಲ್ಟಿನ ಅಳತೆ ಎಲ್ಲೂ ಸಿಗದೆ ಇಡೀ ಒಂದು ಹಂಗಾಮು ಮೂಲೆಯಲ್ಲಿ ನಿಂತಿತ್ತು.

ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದಕ್ಕೆ ದುಡ್ಡು ಎತ್ತಿಡಿ. ಟ್ರ್ಯಾಕ್ಟರಿನ ಕಡೆಯ ಕವಚವೂ ಹಳೆಯ ಗಾಡಿಗಳಲ್ಲಿ ಕಳೆದುಹೋಗಿರುತ್ತದೆ. ತಿರುಗುವ ಶಾಫ್ಟಿಗೆ ಬಟ್ಟೆಯ ಚುಂಗು ಸಿಕ್ಕರೂ ಕೈ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ: 540 ಸುತ್ತು ಎಂದರೆ ಸೆಕೆಂಡಿಗೆ ಒಂಬತ್ತು.

ಹೆಜ್ಜೆ 8: ಶಾಫ್ಟಿನ ಉದ್ದ

ಮೋವರಿನೊಂದಿಗೆ ಬಂದ ಶಾಫ್ಟ್ ನಿಮ್ಮ ಟ್ರ್ಯಾಕ್ಟರಿಗೆ ಉದ್ದವಾಗುವ ಸಂಭವವೇ ಹೆಚ್ಚು. ಓವರ್‌ರನ್ ಕಪ್ಲಿಂಗ್ ಇನ್ನೂ ಕೆಲವು ಇಂಚು ತಿನ್ನುತ್ತದೆ. ಒಂದರೊಳಗೊಂದು ಜಾರುವ ಎರಡು ಕೊಳವೆಗಳು ಮೋವರನ್ನು ಎತ್ತುವಾಗ ತಳಮುಟ್ಟಿದರೆ ಆ ಒತ್ತಡಕ್ಕೆ ಟ್ರ್ಯಾಕ್ಟರಿನ ಅಥವಾ ಮೋವರಿನ ಬೇರಿಂಗ್ ಸೀಳುತ್ತದೆ. ಶಾಫ್ಟನ್ನು ಇನ್ನೂ ಹಾಕದೆ ಮೋವರನ್ನು ನಿಧಾನವಾಗಿ ಮೇಲೆ ಕೆಳಗೆ ಮಾಡಿ, ಟ್ರ್ಯಾಕ್ಟರಿನ ಮತ್ತು ಮೋವರಿನ ಮೊಂಡುಗಳು ಅತಿ ಹತ್ತಿರ ಬರುವ ಸ್ಥಿತಿ ಹುಡುಕಿ. ಅಲ್ಲಿ ಎಂಜಿನ್ ನಿಲ್ಲಿಸಿ, ಮೋವರಿನ ಕೆಳಗೆ ದಿಮ್ಮಿ ಕೊಟ್ಟು, ಶಾಫ್ಟಿನ ಬೇರ್ಪಡಿಸಿದ ಎರಡು ಅರ್ಧಗಳನ್ನು ಎರಡೂ ಕಡೆ ಜೋಡಿಸಿ, ಪಕ್ಕಪಕ್ಕ ಹಿಡಿದು ಅಳೆಯಿರಿ. ಆ ಸ್ಥಿತಿಯಲ್ಲೂ ಒಂದಿಂಚು ಜಾಗ ಉಳಿಯುವಂತೆ ಒಳಗಿನದನ್ನೂ ಹೊರಗಿನದನ್ನೂ ಕವಚಗಳನ್ನೂ ಸಮನಾಗಿ ಕತ್ತರಿಸಬೇಕು. ಅತಿ ದೂರದ ಸ್ಥಿತಿಯಲ್ಲಿ ಕೊಳವೆಗಳು ಕನಿಷ್ಠ ಮೂರನೇ ಒಂದು ಭಾಗ ಒಂದರೊಳಗೊಂದು ಉಳಿದಿರಬೇಕು. ಅಂಚುಗಳನ್ನು ಅರದಿಂದ ಉಜ್ಜಿ, ಗ್ರೀಸ್ ಬಳಿದು ಜೋಡಿಸಿ. ಕಪ್ಲಿಂಗ್ ಹಾಕಿದ ಮೇಲೆಯೇ ಅಳೆಯಿರಿ. ಮೊದಲೇ ಕತ್ತರಿಸಿ ಶಾಫ್ಟ್ ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ.

ಹೆಜ್ಜೆ 9: ಮಟ್ಟ ಮತ್ತು ಮೊದಲ ಸುತ್ತು

ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಬ್ಲೇಡಿನ ತುದಿಯಿಂದ ನೆಲಕ್ಕೆ ಅಳೆಯಿರಿ. ಎಡ ಬಲ ಸಮನಾಗಿರಬೇಕು. ಮುಂಭಾಗ ಹಿಂಭಾಗಕ್ಕಿಂತ ಕಾಲು ಇಂಚಿನಷ್ಟು ತಗ್ಗಿರಲಿ. ಹಿಂಭಾಗ ತಗ್ಗಿದರೆ ಕತ್ತರಿಸಿದ ಹುಲ್ಲನ್ನೇ ಬ್ಲೇಡು ಮತ್ತೆ ಬಡಿಯುತ್ತ ಶಕ್ತಿ ವ್ಯರ್ಥ ಮಾಡುತ್ತದೆ.

ಮೊದಲ ಸುತ್ತಿಗೆ ಮೂರು ಇಂಚು ಎತ್ತರ ಇಡಿ. ಥ್ರಾಟಲ್ ಗುರುತಿನ ಹತ್ತಿರ ತಂದು, ಮೊದಲ ಗೇರಿನಲ್ಲಿ ಹೊರಡಿ. ವೇಗ ಹೆಚ್ಚಾಯಿತು ಎನ್ನಿಸಿದರೆ ಥ್ರಾಟಲ್ ಇಳಿಸಬೇಡಿ, ಬ್ಲೇಡೂ ನಿಧಾನವಾಗುತ್ತದೆ. ಕತ್ತರಿಸುವ ಅಗಲ ಕಡಿಮೆ ಮಾಡಿ, ಅರ್ಧ ಪಟ್ಟಿ ಹಿಂದಿನದರ ಮೇಲೆ ಬರುವಂತೆ ನಡೆಸಿ. ಕ್ಲಚ್ ಒತ್ತಿ ನಿಲ್ಲುತ್ತದೆಯೇ ಎಂದು ತೆರೆದ ಬಯಲಲ್ಲಿ ಎರಡು ಮೂರು ಬಾರಿ ಪರೀಕ್ಷಿಸಿದ ಮೇಲೆಯೇ ಬೇಲಿ, ಮರಗಳ ಹತ್ತಿರ ಹೋಗಿ.

ಒಂದು ಗಂಟೆ ನಡೆಸಿ ಎಲ್ಲವನ್ನೂ ನಿಲ್ಲಿಸಿ. ಸ್ಪಿಂಡಲ್‌ಗಳ ಮೈ ಹತ್ತಿರ ಕೈ ತಂದು ನೋಡಿ: ಮೂರರಲ್ಲಿ ಒಂದು ಮಾತ್ರ ಸುಡುತ್ತಿದ್ದರೆ ಅದರ ಬೇರಿಂಗ್ ಹೆಚ್ಚು ದಿನ ಬಾಳುವುದಿಲ್ಲ. ಹೊಸ ಬೆಲ್ಟು ಈ ಹೊತ್ತಿಗೆ ಸ್ವಲ್ಪ ಸಡಿಲಗೊಂಡಿರುತ್ತದೆ, ಬಿಗಿ ಮಾಡಿ. ಬ್ಲೇಡ್ ಬೋಲ್ಟುಗಳಿಗೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ.